ಜೈಲು ಆಸ್ಪತ್ರೆಯಲ್ಲಿ ಚಟ ಬಿಡಿಸುವ ನರ್ಸ್ ಕೆಲಸ: ಗೇಟಿನಿಂದ ಗೇಟಿನವರೆಗೆ

ನರ್ಸಿಂಗ್ ಮುಗಿಸಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ಸಿಸ್ಟರ್, ಜೈಲಿಗೆ ಡ್ಯೂಟಿ ಹಾಕ್ಯಾರ್ರಿ. ಅಲ್ಲೆ ಕುಡುಕ್ರು, ಗಾಂಜಾದವ್ರು ಭಾಳ ಇರ್ತಾರಂತ. ಹೆಂಗ ಮಾಡೋದ್ರಿ?' ಹುಬ್ಬಳ್ಳಿಯಿಂದ ಒಬ್ಬರು ಕೇಳುತ್ತಾರೆ, ವಾರ ಬಿಟ್ಟು ಹಾವೇರಿಯಿಂದ ಇನ್ನೊಬ್ಬರು. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಜೈಲಿಗೆ ಬರುವ ಚಟದವರ ಜೀವಕ್ಕೆ ಕುತ್ತು ಬರುವ ಸಮಯ ಎರಡು. ಒಳಗೆ ಬಂದ ಮೊದಲ ಮೂರ್ನಾಲ್ಕು ದಿನ ಒಂದು. ಹೊರಗೆ ಹೋದ ಮೊದಲ ಎರಡು ವಾರ ಇನ್ನೊಂದು. ನಡುವಿನ ತಿಂಗಳುಗಳಲ್ಲಿ ಎಷ್ಟೇ ಕೌನ್ಸೆಲಿಂಗ್ ಮಾಡಿ, ಈ ಎರಡು ಕಡೆ ಕಣ್ಣು ತಪ್ಪಿದರೆ ಮಾಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ಕೆಳಗಿನ ಹಂತಗಳಲ್ಲಿ ಆ ಎರಡಕ್ಕೇ ಜಾಗ ಜಾಸ್ತಿ ಕೊಟ್ಟಿದ್ದೇನೆ.

ಹೋಗುವ ಮೊದಲು ಏನೇನು ಬೇಕು

ಓದಿನ ಮಾತು ಮೊದಲು ಮುಗಿಸೋಣ. ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್, ಜೊತೆಗೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇದ್ದರೆ ಸಾಕು. ಮನೋರೋಗ ನರ್ಸಿಂಗ್‌ನಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಮಾಡಿದ್ದರೆ ಒಳ್ಳೆಯದು, ಮಾಡಿಲ್ಲ ಎಂದು ಹಿಂಜರಿಯಬೇಡಿ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಜೈಲಿಗೆ ಹೋಗುವ ಮೊದಲು ಅಲ್ಲಿನ ವಾರ್ಡಿನಲ್ಲಿ ಹತ್ತು ಹದಿನೈದು ದಿನ ನಿಂತು ನೋಡಲು ಅನುಮತಿ ಕೇಳಿ. ಕುಡಿತ ತಟ್ಟನೆ ನಿಂತು, ಇಲ್ಲದ ಇರುವೆಗಳನ್ನು ಹಾಸಿಗೆಯಿಂದ ಹೆಕ್ಕಿ ಹೆಕ್ಕಿ ಎಸೆಯುವವನನ್ನು ಒಂದು ಸಲ ಕಣ್ಣಾರೆ ನೋಡಿದರೆ ಸಾಕು, ಮುಂದೆ ಯಾವತ್ತೂ ಅದನ್ನು ನಾಟಕ ಅಂದುಕೊಳ್ಳುವುದಿಲ್ಲ.

ಎರಡನೆಯದು, ವೈದ್ಯರ ಸಹಿ ಇರುವ ಸ್ಟ್ಯಾಂಡಿಂಗ್ ಆರ್ಡರ್. ಅಂದರೆ 'ಇಂಥ ಸ್ಥಿತಿಯಲ್ಲಿ ನರ್ಸ್ ಇಂಥ ಔಷಧಿ, ಇಷ್ಟು ಕೊಡಬಹುದು, ಇದಕ್ಕಿಂತ ಮುಂದೆ ಹೋದರೆ ಆಸ್ಪತ್ರೆಗೆ ಕಳಿಸಬೇಕು' ಎಂದು ಮೊದಲೇ ಬರೆದಿಟ್ಟ ಆದೇಶ. ವೈದ್ಯರು ಹಗಲುರಾತ್ರಿ ಜೈಲಿನಲ್ಲೇ ಇರುತ್ತಾರೆ ಎಂದುಕೊಳ್ಳಬೇಡಿ. ಸಣ್ಣ ಜೈಲಿನಲ್ಲಿ ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ಎದುರಿಗೆ ಇರುವವರು ನೀವು ಮತ್ತು ಒಬ್ಬ ವಾರ್ಡರ್, ಅಷ್ಟೇ. ಕಾಗದದಲ್ಲಿ ಇಲ್ಲದ್ದನ್ನು ನಿಮ್ಮ ಧೈರ್ಯದ ಮೇಲೆ ಕೊಡಬೇಡಿ. ಮೊದಲ ವಾರದಲ್ಲೇ ವೈದ್ಯರ ಹಿಂದೆ ಬಿದ್ದು ಬರೆಸಿಕೊಳ್ಳಿ.

ಸಾಮಾನಿನಲ್ಲಿ ಬಿ.ಪಿ. ಯಂತ್ರ, ಪಲ್ಸ್ ಆಕ್ಸಿಮೀಟರ್, ಗ್ಲುಕೋಮೀಟರ್, ಥರ್ಮಾಮೀಟರ್, ಓ.ಆರ್.ಎಸ್., ಆಕ್ಸಿಜನ್, ಅಂಬು ಬ್ಯಾಗ್ ಇರಬೇಕು. ಔಷಧಿಯಲ್ಲಿ ಥಯಮಿನ್ ಇಂಜೆಕ್ಷನ್, ಲೊರಾಜೆಪಾಮ್ ಅಥವಾ ಡಯಾಜೆಪಾಮ್, ನಲೋಕ್ಸೋನ್ (ಅಫೀಮು ಜಾತಿಯ ನಶೆ ಅತಿಯಾಗಿ ಉಸಿರು ಕುಗ್ಗಿದಾಗ ಕೊಡುವ ಔಷಧಿ). ಈ ಕೊನೆಯದನ್ನು ಔಷಧಿ ತರಿಸುವ ಇಂಡೆಂಟ್‌ನಲ್ಲಿ ಹಾಕಲು ಎಲ್ಲರೂ ಮರೆಯುತ್ತಾರೆ. ಗೋಡೆಯ ಮೇಲೆ ಮೂರು ನಂಬರ್ ದೊಡ್ಡದಾಗಿ ಬರೆಸಿ: ಆಂಬುಲೆನ್ಸ್ 108, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನ ಮುಕ್ತಿ ಸಹಾಯವಾಣಿ 14446. ನಿಮ್ಮ ಮೊಬೈಲ್ ಗೇಟಿನಲ್ಲೇ ಉಳಿಯುತ್ತದೆ, ಹಾಗಾಗಿ ನಂಬರ್ ಫೋನಿನಲ್ಲಿದೆ ಎಂದರೆ ಆಗುವುದಿಲ್ಲ.

ನಿಮ್ಮ ಮೈಗೂ ರಕ್ಷಣೆ ಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿಕೊಳ್ಳಿ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು.

ಹಂತ 1: ಗೇಟಿನಲ್ಲಿ ಮೊದಲ ಪ್ರಶ್ನೆ

'ಕುಡೀತೀರೇನ್ರಿ?' ಎಂದು ಕೇಳಬೇಡಿ. 'ಇಲ್ರಿ' ಎಂಬ ಉತ್ತರ ಬಾಯಲ್ಲೇ ಇರುತ್ತದೆ. 'ಕೊನೀ ಸಲ ಯಾವಾಗ ಕುಡಿದ್ರಿ?' ಎಂದು ಕೇಳಿ. ಕುಡಿಯುವುದು ಸಹಜ ಎಂಬ ಧಾಟಿಯಲ್ಲಿ ಕೇಳಿದರೆ ಉತ್ತರವೂ ಸಹಜವಾಗಿ ಬರುತ್ತದೆ. ಆಮೇಲೆ ಅಳತೆ.

'ದಿನಾ ಎಷ್ಟಾಗತಿತ್ರಿ?'
'ಸ್ವಲ್ಪರೀ.'
'ಸ್ವಲ್ಪ ಅಂದ್ರ? ನೈಂಟಿಯೋ, ಕ್ವಾರ್ಟರೋ?'
'ಎರಡ ಕ್ವಾರ್ಟರ್ ಆಗತಿತ್ರಿ ಅಕ್ಕಾರ.'

ಸ್ವಲ್ಪ ಎಂದರೆ ಎರಡು ಕ್ವಾರ್ಟರ್. ಇದು ದಿನನಿತ್ಯದ ಕಥೆ. ಲೆಕ್ಕ ಹೀಗಿದೆ: 10 ಗ್ರಾಂ ಶುದ್ಧ ಆಲ್ಕೋಹಾಲ್ ಎಂದರೆ ಒಂದು 'ಡ್ರಿಂಕ್'. 30 ಎಂ.ಎಲ್. ವಿಸ್ಕಿ ಅಥವಾ ರಮ್ಮಿನಲ್ಲಿ ಸುಮಾರು ಅಷ್ಟಿರುತ್ತದೆ. ಒಂದು ಕ್ವಾರ್ಟರ್, ಅಂದರೆ 180 ಎಂ.ಎಲ್., ಸುಮಾರು 6 ಡ್ರಿಂಕ್. ಸ್ಟ್ರಾಂಗ್ ಬಿಯರ್‌ನ 650 ಎಂ.ಎಲ್. ಬಾಟಲಿ ಸುಮಾರು 4. ಫೈಲಿನಲ್ಲಿ 'ಆಗಾಗ ಕುಡಿಯುತ್ತಾರೆ' ಎಂದು ಬರೆಯಬೇಡಿ, ಲೆಕ್ಕ ಬರೆಯಿರಿ.

ಕೊನೆಯ ಸಲದ ಸಮಯವನ್ನೂ ಹಾಗೆಯೇ. 'ನಿನ್ನೆ' ಎಂದು ಬರೆದರೆ ನಾಳೆಯ ಡ್ಯೂಟಿಯವರಿಗೆ ಅದು ಯಾವ ನಿನ್ನೆ ಎಂದು ತಿಳಿಯುವುದಿಲ್ಲ. 'ಸೋಮವಾರ ರಾತ್ರಿ 9' ಎಂದು ಬರೆಯಿರಿ. ಈ ಸಮಯಕ್ಕೆ ಯಾಕಿಷ್ಟು ಮಹತ್ವ? ಬಂಧಿಸಿದವರನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಠಾಣೆಯಲ್ಲಿ ಒಂದು ರಾತ್ರಿ, ಕೋರ್ಟಿನಲ್ಲಿ ಒಂದು ಹಗಲು ಕಳೆದು ಸಂಜೆ ನಿಮ್ಮ ಗೇಟಿಗೆ ಬರುವಾಗ ಕೊನೆಯ ಗುಟುಕಿಗೆ ಆಗಲೇ ಹೆಚ್ಚುಕಡಿಮೆ ಒಂದು ದಿನ ಆಗಿರುತ್ತದೆ. ಫಿಟ್ಸ್ ಬರುವ ಹೊತ್ತಿಗೆ ಸರಿಯಾಗಿ ಮನುಷ್ಯ ನಿಮ್ಮ ಕೈಗೆ ಬರುತ್ತಾನೆ ಎಂದಾಯಿತು, ಅಲ್ವಾ?

ಕುಡಿತ ಒಂದನ್ನೇ ಕೇಳಿ ನಿಲ್ಲಿಸಬೇಡಿ. ಗುಟ್ಕಾ, ಬೀಡಿ, ಗಾಂಜಾ, ನಿದ್ದೆ ಗುಳಿಗೆ, ನೋವಿನ ಗುಳಿಗೆ, ಕೆಮ್ಮಿನ ಸಿರಪ್, ಸೂಜಿ, ಹುಡುಗರಾದರೆ ಮೂಸುವ ವೈಟ್ನರ್ ಮತ್ತು ಪಂಕ್ಚರ್ ಸಲ್ಯೂಷನ್, ಎಲ್ಲವನ್ನೂ ಹೆಸರು ಹಿಡಿದು ಕೇಳಿ. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ, ಈ ಎರಡೂ ಪಟ್ಟಿಯಲ್ಲಿರಲಿ. ಹೆಣ್ಣುಮಕ್ಕಳಾದರೆ ಕೊನೆಯ ಮುಟ್ಟಿನ ದಿನ ಕೇಳಿ. ಗರ್ಭಿಣಿ ಬ್ರೌನ್ ಶುಗರ್, ಅಂದರೆ ಕಲಬೆರಕೆ ಹೆರಾಯಿನ್‌ನಂಥದ್ದನ್ನು ತಟ್ಟನೆ ನಿಲ್ಲಿಸಿದರೆ ಮಗುವಿಗೆ ಅಪಾಯ. ಜೈಲಿನಲ್ಲಿ ಇಟ್ಟುಕೊಂಡು ನೋಡುವ ವಿಷಯ ಅಲ್ಲ ಅದು, ಆಸ್ಪತ್ರೆಗೆ ಕಳಿಸಬೇಕು.

ಕೇಳುವಾಗ ವಾರ್ಡರ್ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ, ಕಿವಿಗೆ ಕೇಳುವಷ್ಟು ಹತ್ತಿರ ಬೇಡ. 'ನಾ ಪೊಲೀಸ್ ಅಲ್ರಿ, ನಿಮ್ಮ ಕೇಸಿನ ವಿಷಯ ನನಗ ಬ್ಯಾಡ' ಎಂದು ಮೊದಲೇ ಹೇಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಬಾಯಿ ವಾಸನೆ ಬರುತ್ತಿದೆ, ತೊದಲುತ್ತಿದ್ದಾನೆ, 'ಕುಡಿದಿದ್ದಾನೆ, ಮಲಗಲಿ ಬಿಡಿ' ಎಂದು ಬಿಟ್ಟುಬಿಡುವುದು. ತಲೆಗೆ ಪೆಟ್ಟು ಬಿದ್ದವನೂ ಹಾಗೇ ತೊದಲುತ್ತಾನೆ. ಸಕ್ಕರೆ ಇಳಿದವನೂ ಹಾಗೇ. ತಲೆಯನ್ನು ಕೈಯಿಂದ ಮುಟ್ಟಿ ನೋಡಿ, ಎರಡೂ ಕಣ್ಣಿನ ಪಾಪೆ ಒಂದೇ ಅಳತೆಯಲ್ಲಿವೆಯೇ ನೋಡಿ, ಬೆರಳಿನ ರಕ್ತದಲ್ಲಿ ಸಕ್ಕರೆ ನೋಡಿ. ಐದು ನಿಮಿಷದ ಕೆಲಸ ಇದು.

ಹಂತ 2: ಕುಡಿತದವರ ಮೊದಲ ನಾಲ್ಕು ದಿನ

ದಿನಾ ಕುಡಿಯುವ ಮನುಷ್ಯ ತಟ್ಟನೆ ನಿಲ್ಲಿಸಿದಾಗ ಮೈ, ಮನಸ್ಸು ತಿರುಗಿ ಬೀಳುವುದಕ್ಕೆ ವಿತ್‌ಡ್ರಾವಲ್ ಎನ್ನುತ್ತಾರೆ. ಅದಕ್ಕೆ ಔಷಧಿ ಕೊಟ್ಟು ಸುರಕ್ಷಿತವಾಗಿ ದಾಟಿಸುವುದು ಡಿಟಾಕ್ಸ್. ಬ್ರೌನ್ ಶುಗರ್‌ನ ವಿತ್‌ಡ್ರಾವಲ್ ನೋಡಲು ಭಯಂಕರ, ಆದರೆ ಅದರಿಂದ ಸಾಯುವವರು ಕಡಿಮೆ. ಕುಡಿತದ ವಿತ್‌ಡ್ರಾವಲ್ ಹಾಗಲ್ಲ. ಚಿಕಿತ್ಸೆ ಸಿಗದಿದ್ದರೆ ಜೀವ ತೆಗೆಯುತ್ತದೆ. ಹೊಸಬರಿಗೆ ಇದು ಉಲ್ಟಾ ಅನಿಸುತ್ತದೆ. ಬ್ರೌನ್ ಶುಗರ್ ಎಂದರೆ ಹೆದರುತ್ತಾರೆ, 'ಬರೀ ಕುಡುಕ' ಎಂದರೆ ನಿರಾಳವಾಗುತ್ತಾರೆ.

ಸಮಯ ಹೀಗೆ ಓಡುತ್ತದೆ. ಕೊನೆಯ ಗುಟುಕಾಗಿ 6 ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ಎದೆ ಬಡಿತ. 6 ರಿಂದ 48 ಗಂಟೆಯ ನಡುವೆ ಫಿಟ್ಸ್. 48 ರಿಂದ 96 ಗಂಟೆಯ ನಡುವೆ ಡೆಲಿರಿಯಂ, ಅಂದರೆ ಬುದ್ಧಿ ಕಲಸಿಹೋಗುವ ಸ್ಥಿತಿ. ಹಗಲೋ ರಾತ್ರಿಯೋ ತಿಳಿಯುವುದಿಲ್ಲ, ಇಲ್ಲದ ಹುಳ ಕಾಣುತ್ತದೆ, ಜ್ವರ, ಬಿ.ಪಿ. ಏರುತ್ತದೆ. ಇದನ್ನು ಡೆಲಿರಿಯಂ ಟ್ರೆಮೆನ್ಸ್, ಚಿಕ್ಕದಾಗಿ ಡಿ.ಟಿ. ಎನ್ನುತ್ತಾರೆ. ಮೊದಲ ದಿನ ಚೆನ್ನಾಗಿಯೇ ಇದ್ದ, ಮೂರನೇ ದಿನ ಹುಚ್ಚು ಹಿಡಿಯಿತು ಎಂದು ಬ್ಯಾರಕ್‌ನವರು ಹೇಳುವುದು ಇದನ್ನೇ.

ಅಳೆಯಲು ಸಿವಾ ಎಂಬ ಅಂಕಪಟ್ಟಿ ಇದೆ. ಹತ್ತು ಪ್ರಶ್ನೆ, ಒಟ್ಟು 67 ಅಂಕ. 8ಕ್ಕಿಂತ ಕಡಿಮೆ ಇದ್ದರೆ ಸೌಮ್ಯ, 8 ರಿಂದ 15 ಮಧ್ಯಮ, 15 ದಾಟಿದರೆ ತೀವ್ರ. ಪಟ್ಟಿ ಇಂಗ್ಲಿಷಿನಲ್ಲಿದೆ, ಆದರೆ ನೀವು ಕೇಳುವುದು ನಮ್ಮ ಮಾತಿನಲ್ಲೇ ಇರಬೇಕು. 'ಮೈಮ್ಯಾಲೆ ಏನರ ಹರದಾಡಿದಂಗ ಆಗತೈತೇನ್ರಿ?' 'ತಲಿಗೆ ಬಿಗಿಯಾಗಿ ಬಟ್ಟಿ ಕಟ್ಟಿದಂಗ ಅನಸತೈತೇನ್ರಿ?' 'ಇವತ್ತ ಯಾವ ವಾರ್ರಿ?' ನಡುಕ ನೋಡಲು ಎರಡೂ ಕೈ ಮುಂದೆ ಚಾಚಿಸಿ, ಬೆರಳು ಅಗಲಿಸಲು ಹೇಳಿ. ಕಣ್ಣಿಗೆ ಕಾಣದಿದ್ದರೆ ನಿಮ್ಮ ಬೆರಳ ತುದಿಯನ್ನು ಅವರ ಬೆರಳ ತುದಿಗೆ ತಾಗಿಸಿ. ಸಣ್ಣ ನಡುಕ ಅಲ್ಲಿ ಸಿಕ್ಕಿಬೀಳುತ್ತದೆ.

ಅಂಕವನ್ನು ಎಷ್ಟು ಹೊತ್ತಿಗೊಮ್ಮೆ ಹಾಕಬೇಕು ಎಂದು ವೈದ್ಯರು ಬರೆದಿರುತ್ತಾರೆ. ಜೈಲಿನಲ್ಲಿ ಇದಕ್ಕೆ ಅಡ್ಡ ಬರುವುದು ಬೀಗ. ಸಂಜೆ ಬ್ಯಾರಕ್ ಬಂದ್ ಆದ ಮೇಲೆ ಬೆಳಿಗ್ಗೆವರೆಗೆ ತೆರೆಯುವುದು ಕಷ್ಟ. ಅಪಾಯ ಇರುವವರನ್ನು ಬೀಗ ಬೀಳುವ ಮೊದಲೇ ಜೈಲು ಆಸ್ಪತ್ರೆಯ ಹಾಸಿಗೆಗೆ ತನ್ನಿ. ಜೈಲರ್ ಹತ್ತಿರ ಮಾತಾಡಿ, ನಾಲ್ಕು ರಾತ್ರಿಗೆ ಒಪ್ಪಿಸಿ.

ಔಷಧಿಯ ವಿಷಯದಲ್ಲಿ ಡೋಸ್ ಹೇಳುವುದು ನನ್ನ ಕೆಲಸ ಅಲ್ಲ, ನಿಮ್ಮದೂ ಅಲ್ಲ. ಆದರೆ ಎರಡು ವಿಷಯ ನೆನಪಿರಲಿ. ಒಂದು, ಗ್ಲುಕೋಸ್ ಡ್ರಿಪ್ ಹಾಕುವ ಮೊದಲು ಥಯಮಿನ್ ಕೊಡಬೇಕು. ಥಯಮಿನ್ ಅಂದರೆ ವಿಟಮಿನ್ ಬಿ1. ಕುಡಿತದವರಲ್ಲಿ ಅದು ಬರಿದಾಗಿರುತ್ತದೆ. ಅದಿಲ್ಲದೆ ಗ್ಲುಕೋಸ್ ಹರಿಸಿದರೆ ಮಿದುಳಿಗೆ ಕಾಯಂ ಪೆಟ್ಟು ಬೀಳಬಹುದು. 'ಸುಸ್ತಾಗಿದ್ದಾನೆ, ಒಂದು ಬಾಟಲಿ ಹಚ್ರಿ' ಎಂದು ಸುತ್ತಲಿನವರು ಒತ್ತಾಯ ಮಾಡುತ್ತಾರೆ, ತಡೆಯಿರಿ. ಎರಡು, ಕಣ್ಣು ಹಳದಿ, ಹೊಟ್ಟೆ ಉಬ್ಬಿದೆ ಎಂದರೆ ಲಿವರ್ ಕೆಟ್ಟಿರಬಹುದು. ಗುಳಿಗೆ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ, ಅಂಥವರಿಗೆ ಬೇರೆ ಔಷಧಿ ಆರಿಸುತ್ತಾರೆ.

ಫಿಟ್ಸ್ ಬಂದರೆ: ಸಮಯ ನೋಡಿಕೊಳ್ಳಿ, ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದು ಇಡಿ, ಬಾಯಿಗೆ ಏನೂ ತುರುಕಬೇಡಿ. ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವ ರೂಢಿ ಇದೆ. ಜೈಲಿನಲ್ಲಂತೂ ವಾರ್ಡರ್ ಸೊಂಟದಲ್ಲೇ ಬೀಗದ ಕೈ ಗೊಂಚಲು ಇರುತ್ತದೆ! ಆ ಹೊತ್ತಿನಲ್ಲಿ ಜಗಳ ಬೇಡ. 'ಅದನ್ನ ಹಿಡ್ಕೊಂಡು ಗೇಟ್ ತೆಗೀರಿ, ಗಾಡಿ ಬರತೈತಿ' ಎಂದು ಕೆಲಸ ಹಚ್ಚಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ, ಎಚ್ಚರ ಮರಳದಿದ್ದರೆ, ತಕ್ಷಣ ಹೊರಗಿನ ಆಸ್ಪತ್ರೆಗೆ.

ಡಿ.ಟಿ. ಶುರುವಾದವರನ್ನು ಕೂಗಾಡುತ್ತಾರೆ ಎಂದು ಒಂಟಿ ಸೆಲ್ಲಿಗೆ ಹಾಕುವುದು ಜೈಲಿನ ಹಳೇ ಚಾಳಿ. ಇದಕ್ಕೆ ಒಪ್ಪಬೇಡಿ. ಕತ್ತಲು, ಒಂಟಿತನ ಎರಡೂ ಆ ಸ್ಥಿತಿಯನ್ನು ಇನ್ನೂ ಕೆಡಿಸುತ್ತವೆ. ದೀಪ ಹಚ್ಚಿಟ್ಟು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಆಸ್ಪತ್ರೆಗೆ ಸಾಗಿಸಬೇಕು. 'ಎಸ್ಕಾರ್ಟ್ ಇಲ್ಲ, ನಾಳೆ ನೋಡೋಣ' ಎಂಬ ಉತ್ತರ ಬರಬಹುದು. ಎಸ್ಕಾರ್ಟ್ ಅಂದರೆ ಕೈದಿಯ ಜೊತೆ ಹೋಗುವ ಕಾವಲು ಪೊಲೀಸರು. ಆಗ ನೀವು ಕೇಳಿದ ಸಮಯ, ಬಂದ ಉತ್ತರ, ಹೇಳಿದವರ ಹುದ್ದೆ, ಮೂರನ್ನೂ ರಿಜಿಸ್ಟರಿನಲ್ಲಿ ಬರೆಯಿರಿ. ಬರೆಯುವುದನ್ನು ಕಂಡ ಮೇಲೆ ಎಸ್ಕಾರ್ಟ್ ಹೇಗೋ ಹುಟ್ಟಿಕೊಳ್ಳುತ್ತದೆ. ಕಾನೂನೂ ನಿಮ್ಮ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತ ಮತ್ತು ಮಾದಕ ವಸ್ತುವಿನಿಂದ ಬರುವ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯಲ್ಲೇ ಸೇರಿಸಿದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ, ಒಳಗೆ ಬಂದ ಕೈದಿಯಲ್ಲಿ ವಿತ್‌ಡ್ರಾವಲ್ ಲಕ್ಷಣ ಇದೆಯೇ ಎಂದು ನೋಡಬೇಕು ಎಂದೇ 30ನೇ ನಿಯಮ ಹೇಳುತ್ತದೆ.

ಹಂತ 3: ಗುಳಿಗೆ, ಸಿರಪ್, ಬ್ರೌನ್ ಶುಗರ್, ಗಾಂಜಾ

ಬ್ರೌನ್ ಶುಗರ್, ಟ್ರಮಾಡಾಲ್‌ನಂಥ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಇವೆಲ್ಲ ಓಪಿಯಾಯ್ಡ್ ಎಂಬ ಒಂದೇ ಗುಂಪು. ಅಫೀಮಿನ ಸಂಬಂಧಿಕರು ಎಂದುಕೊಳ್ಳಿ. ಬ್ರೌನ್ ಶುಗರ್ ನಿಲ್ಲಿಸಿದ 8 ರಿಂದ 24 ಗಂಟೆಗೆ ಶುರುವಾಗಿ, ಎರಡನೇ ಮೂರನೇ ದಿನ ಜೋರಾಗಿ, ವಾರದಲ್ಲಿ ಇಳಿಯುತ್ತದೆ. ಆಕಳಿಕೆ, ಮೂಗು ಕಣ್ಣಲ್ಲಿ ನೀರು, ರೋಮಾಂಚನ, ಭೇದಿ, ಮೂಳೆ ಮುರಿದಂಥ ನೋವು. 'ನಾಟಕ ಮಾಡ್ತಾನ್ರಿ' ಎಂದು ಪಕ್ಕದವರು ಹೇಳಿದರೆ ಕಣ್ಣಿನ ಪಾಪೆ ನೋಡಿ, ತೋಳಿನ ರೋಮ ನೋಡಿ. ಪಾಪೆ ದೊಡ್ಡದು ಮಾಡಿಕೊಂಡು, ರೋಮ ನಿಲ್ಲಿಸಿಕೊಂಡು ನಟಿಸಲು ಯಾವ ನಾಟಕ ಕಂಪನಿಯವರಿಗೂ ಬರುವುದಿಲ್ಲ. ಇದಕ್ಕೆ ಕೌಸ್ ಎಂಬ ಹನ್ನೊಂದು ಅಂಶಗಳ ಅಂಕಪಟ್ಟಿ ಇದೆ.

ಚಿಕಿತ್ಸೆಗೆ ಬಳಸುವ ಮುಖ್ಯ ಔಷಧಿ ಬುಪ್ರೆನಾರ್ಫಿನ್, ನಾಲಿಗೆ ಕೆಳಗೆ ಇಡುವ ಗುಳಿಗೆ. ವಿತ್‌ಡ್ರಾವಲ್ ಸರಿಯಾಗಿ ಕಾಣಿಸಿಕೊಂಡ ಮೇಲೆಯೇ ಇದನ್ನು ಶುರು ಮಾಡಬೇಕು. 'ಪಾಪ, ಮೊದಲೇ ಕೊಟ್ಟರೆ ಕಷ್ಟ ತಪ್ಪೀತು' ಎಂದು ಅವಸರ ಮಾಡಿದರೆ, ಮೈಯಲ್ಲಿ ಉಳಿದಿರುವ ನಶೆಯನ್ನು ಅದು ತಟ್ಟನೆ ತಳ್ಳಿ ಹಾಕಿ, ಮನುಷ್ಯ ಅರ್ಧ ಗಂಟೆಯಲ್ಲಿ ಒದ್ದಾಡತೊಡಗುತ್ತಾನೆ. ಭೇದಿ, ವಾಂತಿಗೆ ಓ.ಆರ್.ಎಸ್. ಮರೆಯಬೇಡಿ. ಇಂಥ ದಿನಗಳಲ್ಲೇ ಆತ್ಮಹತ್ಯೆಯ ಯೋಚನೆಯೂ ಜಾಸ್ತಿ, ಒಂಟಿಯಾಗಿ ಬಿಡಬೇಡಿ.

ನಿದ್ದೆ ಗುಳಿಗೆ, ಅಂದರೆ ಅಲ್ಪ್ರಾಜೋಲಾಮ್, ನೈಟ್ರಾಜೆಪಾಮ್ ಗುಂಪಿನದು, ಕುಡಿತದಷ್ಟೇ ಅಪಾಯ. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುತ್ತದೆ, ಅದೂ ಕೆಲವರಲ್ಲಿ ಒಂದು ವಾರ ತಡವಾಗಿ. ವೈದ್ಯರು ವಾರಗಟ್ಟಲೆ ಇಳಿಸುತ್ತಾ ಬರುತ್ತಾರೆ. ಟ್ರಮಾಡಾಲ್ ಜಾಸ್ತಿ ನುಂಗಿದವರಲ್ಲೂ ಫಿಟ್ಸ್ ಬರಬಹುದು. ಗಾಂಜಾದವರಿಗೆ ನಿದ್ದೆ ಹೋಗುತ್ತದೆ, ಸಿಡುಕು, ಊಟ ಸೇರುವುದಿಲ್ಲ. ಎರಡು ವಾರದಲ್ಲಿ ಬಹುಪಾಲು ಸರಿಹೋಗುತ್ತದೆ. ಇಲ್ಲದ ದನಿ ಕೇಳುತ್ತಿದೆ, ಎಲ್ಲರ ಮೇಲೂ ಸಂಶಯ ಎಂದರೆ ಮಾತ್ರ ಮನೋವೈದ್ಯರಿಗೆ ತೋರಿಸಿ.

ಸೂಜಿ ಚುಚ್ಚಿಕೊಳ್ಳುವವರಿಗೆ ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಬೇಕು, ಅವರ ಒಪ್ಪಿಗೆ ಪಡೆದು. ನಿಮಗೇ ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಸಾಧ್ಯವಾದರೆ ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆ ದಾಟದಂತೆ ಪಿ.ಇ.ಪಿ. ಶುರು ಮಾಡಿ. ಅದು ಎಚ್.ಐ.ವಿ. ತಡೆಯಲು ತೆಗೆದುಕೊಳ್ಳುವ 28 ದಿನಗಳ ಗುಳಿಗೆ.

ಹಂತ 4: ತಂಬಾಕು

ಇದನ್ನು ಯಾರೂ ಚಟ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಬ್ಯಾರಕ್ಕಿನ ಜಗಳ, ಸಾಲ, ನಿದ್ದೆಗೇಡು ಇವುಗಳ ಬುಡ ಹುಡುಕಿದರೆ ಎಷ್ಟೋ ಸಲ ಒಂದು ಚಿಟಿಕೆ ತಂಬಾಕು ಸಿಗುತ್ತದೆ. ಮೊದಲ ವಾರ ಸಿಡಿಮಿಡಿ ಜೋರಾಗಿರುತ್ತದೆ ಎಂದು ಕೈದಿಗೂ ಹೇಳಿ, ವಾರ್ಡರಿಗೂ ಹೇಳಿ.

ನಿಕೋಟಿನ್ ಗಮ್ ಸಿಕ್ಕರೆ ಅದನ್ನು ಚೂಯಿಂಗ್ ಗಮ್ ಹಾಗೆ ಜಗಿಯಬಾರದು. ನಾಲ್ಕಾರು ಸಲ ಜಗಿದು, ಖಾರ ಹತ್ತಿದ ಕೂಡಲೇ ಕೆನ್ನೆ ಒಳಗೆ ಒತ್ತರಿಸಿಡಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಸುಣ್ಣ ತಂಬಾಕು ತಿಕ್ಕಿ ತುಟಿಯೊಳಗೆ ಇಟ್ಟು ರೂಢಿ ಇರುವ ನಮ್ಮ ಕಡೆಯವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. 'ತಂಬಾಕ ಇಟ್ಕೊಂಡಂಗ ಇಟ್ಕೊಳ್ರಿ' ಎಂದರೆ ಆಯಿತು.

ಬಾಯಿ ನೋಡುವುದನ್ನು ಬಿಡಬೇಡಿ. ಅವರ ಮೂರು ಬೆರಳು ಒಂದರ ಮೇಲೊಂದು ಬಾಯೊಳಗೆ ಹೋಗಬೇಕು. ಹೋಗದಿದ್ದರೆ ಗುಟ್ಕಾದಿಂದ ದವಡೆ ಬಿಗಿದಿದೆ ಎಂದರ್ಥ. ಬಿಳಿ ಕಲೆ, ಕೆಂಪು ಕಲೆ, ಮೂರು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ದಂತವೈದ್ಯರಿಗೆ ಕಳಿಸಿ.

ಹಂತ 5: ಗುಳಿಗೆ ಕೊಡುವ ಸಾಲು

ಜೈಲಿನಲ್ಲಿ ಗುಳಿಗೆ ಎಂದರೆ ದುಡ್ಡು. ಡಯಾಜೆಪಾಮ್, ಬುಪ್ರೆನಾರ್ಫಿನ್ ಮಾತ್ರ ಅಲ್ಲ, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್‌ಗೂ ಗಿರಾಕಿ ಇರುತ್ತಾರೆ. ಮೊದಲ ಕೆಲವು ದಿನ ನಿಮ್ಮನ್ನು ಪರೀಕ್ಷೆ ಮಾಡುತ್ತಾರೆ, ತಪ್ಪದೆ.

ಪದ್ಧತಿ ಸರಳ. ಒಬ್ಬೊಬ್ಬರೇ ಬರಲಿ. ಹೆಸರು, ಅಪ್ಪನ ಹೆಸರು ಎರಡನ್ನೂ ಅವರ ಬಾಯಿಂದಲೇ ಹೇಳಿಸಿ. ಒಂದೇ ಬ್ಯಾರಕ್‌ನಲ್ಲಿ ಮೂವರು ಬಸವರಾಜ, ಇಬ್ಬರು ಇಮಾಮಸಾಬ್ ಇರುತ್ತಾರೆ. ಗುಳಿಗೆ ನುಂಗಿಸಿ, ನೀರು ಕುಡಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಕೆನ್ನೆ ಎರಡೂ ಕಡೆ ನೋಡಿ, ಎರಡು ಮಾತು ಆಡಿಸಿ. ಬುಪ್ರೆನಾರ್ಫಿನ್ ಆದರೆ ನುಂಗಬಾರದು. ವೈದ್ಯರು ಒಪ್ಪಿದ್ದರೆ ಪುಡಿ ಮಾಡಿ ನಾಲಿಗೆ ಕೆಳಗೆ ಹಾಕಿ, ಕರಗುವವರೆಗೆ ಐದು ಹತ್ತು ನಿಮಿಷ ಎದುರಿಗೇ ಕೂರಿಸಿ. ಸಾಲು ಉದ್ದ ಇದ್ದಾಗ ಈ ಹತ್ತು ನಿಮಿಷವನ್ನೇ ನಾವು ಕದಿಯುವುದು. ಕದಿಯಬೇಡಿ, ಅವರನ್ನು ಕೊನೆಗೆ ಕರೆಯಿರಿ.

ಈ ಔಷಧಿಗಳಲ್ಲಿ ಹೆಚ್ಚಿನವು 1985ರ ಎನ್.ಡಿ.ಪಿ.ಎಸ್. ಕಾಯ್ದೆಯಡಿ, ಅಂದರೆ ಮಾದಕ ವಸ್ತು ನಿಯಂತ್ರಣ ಕಾನೂನಿನಡಿ ಬರುತ್ತವೆ. ಎರಡು ಬೀಗದ ಕಪಾಟು, ಪ್ರತ್ಯೇಕ ರಿಜಿಸ್ಟರ್, ಡ್ಯೂಟಿ ಬದಲಾಗುವಾಗ ಇಬ್ಬರು ಎಣಿಸಿ ಇಬ್ಬರ ಸಹಿ. ಒಂದು ಗುಳಿಗೆ ಕಡಿಮೆ ಬಂದರೂ ಆಗಲೇ ಬರೆದು ತಿಳಿಸಿ. 'ನಾಳೆ ಹೊಂದಿಸೋಣ' ಎಂದವರ ಮಾತು ಕೇಳಿ ಸಹಿ ಹಾಕಿದರೆ, ಸಿಕ್ಕಿಬೀಳುವುದು ಸಹಿ ಹಾಕಿದವರು. ನಾನೂ ಹೊಸದರಲ್ಲಿ ಹಾಗೆ ಒಂದು ಸಹಿ ಹಾಕಿ ಮೂರು ತಿಂಗಳು ವಿವರಣೆ ಬರೆದಿದ್ದೇನೆ.

ಹಂತ 6: ಯಾರಿಗೆ ಏನು ಹೇಳಬಹುದು, ಏನು ಹೇಳಬಾರದು

ಕೈದಿ ನಿಮಗೆ ಹೇಳಿದ ಕಾಯಿಲೆಯ ಮಾತು ಆಸ್ಪತ್ರೆ ಫೈಲಿನಲ್ಲಿ ಉಳಿಯಬೇಕು. 'ಇವನಿಗೆ ಒಳಗೆ ಮಾಲು ಯಾರು ಕೊಡ್ತಾರೆ ಕೇಳಿ ಹೇಳ್ರಿ ಸಿಸ್ಟರ್' ಎಂದು ಯಾರಾದರೂ ಕೇಳಿದರೆ, ನಗುತ್ತಲೇ 'ಅದು ನನ್ನ ಕೆಲಸ ಅಲ್ರಿ ಸರ್' ಎನ್ನಿ. ಮೈ ತಪಾಸಣೆ ನರ್ಸ್ ಮಾಡಬಾರದು. 'ಶಿಕ್ಷೆಗೆ ಈತ ಫಿಟ್ ಇದ್ದಾನೆ' ಎಂಬ ಕಾಗದಕ್ಕೆ ಸಹಿ ಹಾಕಬಾರದು. ಚಿಕಿತ್ಸೆಗಾಗಿ ಮಾಡಿದ ಮೂತ್ರ ಪರೀಕ್ಷೆಯ ಫಲಿತಾಂಶ ಶಿಕ್ಷೆಗೆ ಬಳಕೆಯಾದರೆ, ಮರುದಿನದಿಂದ ಒಬ್ಬರೂ ನಿಜ ಹೇಳುವುದಿಲ್ಲ. ಹೇಳಲೇಬೇಕಾದದ್ದೂ ಇದೆ. ತನ್ನ ಜೀವ ತೆಗೆದುಕೊಳ್ಳುತ್ತೇನೆ, ಇನ್ನೊಬ್ಬನನ್ನು ಕೊಲ್ಲುತ್ತೇನೆ ಎಂದವರ ಮಾತನ್ನು ಮುಚ್ಚಿಡುವ ಹಾಗಿಲ್ಲ. ಈ ಗೆರೆ ಎಲ್ಲಿದೆ ಎಂದು ಕೈದಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಇದರ ಜೊತೆಗೇ ಇನ್ನೊಂದು. 'ಅಕ್ಕಾರ, ಮನಿಗೆ ಒಂದ ಫೋನ್ ಮಾಡ್ರಿ, ನಂಬರ್ ಹೇಳ್ತೀನಿ' ಎಂದು ಕಣ್ಣೀರು ಹಾಕುತ್ತಾರೆ. ನಿಜವಾಗಿಯೂ ಪಾಪ ಅನಿಸುತ್ತದೆ. ಮಾಡಬೇಡಿ. ಜೈಲಿನ ಫೋನ್ ಸೌಲಭ್ಯಕ್ಕೆ ಅರ್ಜಿ ಬರೆಸಿಕೊಡಿ. ಇವತ್ತು ಒಂದು ಫೋನ್ ಮಾಡಿದವರಿಗೆ ನಾಳೆ ಒಂದು ಪೊಟ್ಟಣ ತರುವ ಒತ್ತಡ ಬರುತ್ತದೆ. ಗೇಟಿನ ಹೊರಗೆ ಮನೆಯವರು ಧಾರವಾಡ ಫೇಡೆ ಡಬ್ಬಿ ಹಿಡಿದು ನಿಂತಿರುತ್ತಾರೆ, ಅದನ್ನೂ ಕೈ ಮುಗಿದು ವಾಪಸ್ ಕಳಿಸಿ.

ಹಂತ 7: ಮಾತು

ಡಿಟಾಕ್ಸ್ ಮುಗಿದ ಮೇಲೆ ಉಪದೇಶ ಶುರು ಮಾಡಬೇಡಿ. 'ಹೆಂಡತಿ ಮಕ್ಕಳ ಮುಖ ನೋಡಬಾರದೇನ್ರಿ' ಎಂಬುದನ್ನು ಅವರು ನೂರು ಸಲ ಕೇಳಿದ್ದಾರೆ. 'ಕುಡಿತದಿಂದ ನಿಮಗ ಏನ್ ಛಲೋ ಆಗತಿತ್ತು?' ಎಂದು ಕೇಳಿ ನೋಡಿ. ಗಾಬರಿಯಾಗುತ್ತಾರೆ. ಆಮೇಲೆ ಹೇಳುತ್ತಾರೆ: ನಿದ್ದೆ ಬರುತ್ತಿತ್ತು, ಮೈಕೈ ನೋವು ಮರೆಯುತ್ತಿತ್ತು, ಸಾಲಗಾರನ ಮುಖ ಎದುರಿಸಲು ಧೈರ್ಯ ಬರುತ್ತಿತ್ತು. ಕೆಲಸ ಅಲ್ಲಿಂದ ಶುರು. ಯಾವ ಹೊತ್ತಿಗೆ, ಯಾರ ಜೊತೆ, ಯಾವ ದಾರಿಯಲ್ಲಿ ಆಸೆ ಏಳುತ್ತದೆ ಎಂದು ಪಟ್ಟಿ ಮಾಡಿಸಿ. ಓದು ಬಾರದವರಿಗೆ ಊರಿನ ನಕ್ಷೆ ಬರೆಸಿ. ಮನೆ, ಬಸ್ ಸ್ಟ್ಯಾಂಡ್, ಅಂಗಡಿ ಎಲ್ಲಿವೆ, ಅಂಗಡಿ ತಪ್ಪಿಸಿ ಮನೆಗೆ ಹೋಗುವ ದಾರಿ ಯಾವುದು ಎಂದು ಗೆರೆ ಎಳೆಸಿ.

ಮನೆಯವರು 'ಊಟದಾಗ ಹಾಕೋ ಪುಡಿ ಕೊಡ್ರಿ' ಎಂದು ಕೇಳುತ್ತಾರೆ. ಅದು ಡೈಸಲ್ಫಿರಾಮ್. ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಬಿದ್ದು ಜೀವಕ್ಕೇ ಬರಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಕೆಲಸ ಉಳಿದಿರುತ್ತದೆ. ಗುಟ್ಟಾಗಿ ಯಾವತ್ತೂ ಕೊಡುವ ಹಾಗಿಲ್ಲ ಎಂದು ಖಡಾಖಂಡಿತವಾಗಿ ಹೇಳಿ.

ಹಂತ 8: ಬಿಡುಗಡೆ

ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅವರ ಬಿಡುಗಡೆ ದಿನ ಯಾರಿಗೂ ಗೊತ್ತಿರುವುದಿಲ್ಲ. ಬೇಲ್ ಆರ್ಡರ್ ಸಂಜೆ ಬಂದರೆ ರಾತ್ರಿಯೊಳಗೆ ಮನುಷ್ಯ ಹೊರಗೆ. ಅದಕ್ಕೇ ಬಿಡುಗಡೆಯ ತಯಾರಿ ಮೊದಲ ವಾರದಲ್ಲೇ ಆಗಬೇಕು.

ಓಪಿಯಾಯ್ಡ್ ಚಟದವರಿಗೆ ಒಂದು ಮಾತನ್ನು ಮತ್ತೆ ಮತ್ತೆ ಹೇಳಿ. ಮೈ ದಿನಾ ತೆಗೆದುಕೊಂಡು ಒಗ್ಗಿಕೊಳ್ಳುವುದಕ್ಕೆ ಟಾಲರೆನ್ಸ್ ಎನ್ನುತ್ತಾರೆ. ಒಳಗೆ ಕೆಲವು ವಾರ ನಿಲ್ಲಿಸಿದರೆ ಆ ಒಗ್ಗು ಹೋಗುತ್ತದೆ. ಹೊರಗೆ ಹೋಗಿ ಹಳೆಯ ಅಳತೆಯನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. 'ಮೊದಲ ಇದ್ದ ಅಳತಿ ಈಗ ನಿಮಗ ವಿಷ' ಎಂದು ನೇರವಾಗಿ ಹೇಳಿ. 'ಹೀಗೆ ಹೇಳಿದರೆ ತೆಗೆದುಕೊಳ್ಳಲು ನಾವೇ ಹೇಳಿದಂತಾಗುವುದಿಲ್ಲವೇ?' ಎಂದು ಹೊಸ ನರ್ಸ್‌ಗಳು ಕೇಳುತ್ತಾರೆ. ಆಗುವುದಿಲ್ಲ. ಸುಮ್ನೆ ಇದ್ದರೆ ಮಾತ್ರ ಸಾವಿನ ಸುದ್ದಿ ಬರುತ್ತದೆ. ಮುಲಾಕಾತಿಗೆ ಬರುವ ಮನೆಯವರಿಗೂ, ಕೈದಿ ಒಪ್ಪಿದರೆ, ಲಕ್ಷಣ ಹೇಳಿಕೊಡಿ: ಎಬ್ಬಿಸಿದರೆ ಏಳದಿರುವುದು, ಗೊರಗೊರ ಉಸಿರು ಅಥವಾ ತೀರಾ ನಿಧಾನ ಉಸಿರು, ತುಟಿ ನೀಲಿ, ಪಾಪೆ ಸೂಜಿ ಮೊನೆಯಷ್ಟು. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು, 'ಮಲಗಿದಾನ, ಬಿಡು' ಎನ್ನಬಾರದು. ಇದೇ ಸ್ಥಿತಿ ಜೈಲಿನೊಳಗೇ ಕಂಡರೆ ಆದೇಶದ ಪ್ರಕಾರ ನಲೋಕ್ಸೋನ್ ಕೊಡಿ. ಎಚ್ಚರವಾದ ಮೇಲೂ ಬಿಟ್ಟು ಹೋಗಬೇಡಿ. ಅದರ ಪ್ರಭಾವ ಒಂದೊಂದೂವರೆ ಗಂಟೆಯಲ್ಲಿ ಇಳಿಯುತ್ತದೆ, ಆಗ ಮತ್ತೆ ಉಸಿರು ಕುಗ್ಗಬಹುದು.

ಪ್ರತಿಯೊಬ್ಬರಿಗೂ ಒಂದು ಚೀಟಿ ಬರೆದಿಡಿ. ಕಾಯಿಲೆಯ ಹೆಸರು, ಈಗ ನಡೆಯುತ್ತಿರುವ ಔಷಧಿ, ಕೊನೆಯ ಡೋಸ್ ಯಾವಾಗ, ಮುಂದೆ ಎಲ್ಲಿ ತೋರಿಸಬೇಕು. ಈ ಕೊನೆಯದು ಅವರ ಊರಿಗೆ ಹತ್ತಿರ ಇರಲಿ. ಗದಗದಿಂದ ಹುಬ್ಬಳ್ಳಿಗೇ ಸುಮಾರು 60 ಕಿಲೋಮೀಟರ್ ಆಗುತ್ತದೆ. ನರಗುಂದದವರಿಗೋ ರಾಣೆಬೆನ್ನೂರಿನವರಿಗೋ ತಿಂಗಳು ತಿಂಗಳು ಧಾರವಾಡಕ್ಕೆ ಬಾ ಎಂದರೆ ಒಂದು ಸಲ ಬಂದಾರು, ಎರಡನೇ ಸಲ ಇಲ್ಲ. ತಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಂದು ಬರೆಯಿರಿ, ಹೊರರೋಗಿ ದಿನವನ್ನೂ ಬರೆಯಿರಿ. ಸಾಧ್ಯವಾದರೆ ಚೀಟಿಯ ಮೇಲೆ ಜೈಲಿನ ಸೀಲು ಬೇಡ. ಆ ಸೀಲು ಇದ್ದರೆ ಅದನ್ನು ಯಾರಿಗೂ ತೋರಿಸದೆ ಬಸ್ ಸ್ಟ್ಯಾಂಡಿನಲ್ಲೇ ಹರಿದು ಹಾಕುತ್ತಾರೆ. ವೈದ್ಯರು ಬರೆದಿದ್ದರೆ ನಾಲ್ಕು ದಿನದ ಗುಳಿಗೆ ಪೊಟ್ಟಣ ಕಟ್ಟಿ, ಹೆಸರು ಬರೆದು ಚೀಟಿಗೆ ಪಿನ್ ಮಾಡಿಡಿ. ಸಂಜೆ ನೀವು ಡ್ಯೂಟಿಯಲ್ಲಿ ಇರದಿದ್ದರೂ ಗೇಟಿನವರು ಕೊಟ್ಟು ಕಳಿಸುತ್ತಾರೆ.

ಚೀಟಿಯ ಒಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ. ಅದೇ ಮನುಷ್ಯ ಮತ್ತೆ ಒಳಗೆ ಬಂದರೆ 'ಮತ್ತ ಬಂದ್ಯಾ?' ಎಂದು ಕೇಳುವುದು ಬೇಡ. ಹಳೇ ಫೈಲ್ ತೆಗೆಯಿರಿ. ಹಿಂದಿನ ಸಲ ಫಿಟ್ಸ್ ಅಥವಾ ಡಿ.ಟಿ. ಬಂದಿದ್ದರೆ ಈ ಸಲ ಬರುವ ಸಾಧ್ಯತೆ ಜಾಸ್ತಿ, ಅಂಕ ಏರುವವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಆಮೇಲೆ ಕುರ್ಚಿ ಕೊಟ್ಟು ಕೂರಿಸಿ, ಹಂತ 1ರ ಪ್ರಶ್ನೆಯನ್ನೇ ಕೇಳಿ: 'ಕೊನೀ ಸಲ ಯಾವಾಗ ಕುಡಿದ್ರಿ?'